ಗೋಕರ್ಣದ ದಂಡೆಯ ಮನೆಗಳಿಗೆ ದೆಹಲಿಯಿಂದೊಂದು ಬಹಿರಂಗ ಪತ್ರ

ಗೋಕರ್ಣದ ಕಡಲ ದಂಡೆಯಲ್ಲಿ ಮನೆ, ಹಿತ್ತಲು, ಗದ್ದೆ ಇರುವ ಗೌಡರೇ, ಹರಿಕಂತ್ರರೇ, ಭಟ್ಟರೇ, ಅಕ್ಕ ತಂಗಿಯರೇ, ಪಂಚಾಯಿತಿಯ ಸದಸ್ಯರೇ,



ಕುಡ್ಲೆಯಲ್ಲೋ ಓಂ ಬೀಚಿನ ಮೇಲಿನ ಗುಡ್ಡದಲ್ಲೋ ಜಾಗ ಕೇಳಿಕೊಂಡು ಹೊರಗಿನವರು ಬರುವುದು ನಿಮಗೆ ಹೊಸತಲ್ಲ. ಕೆಲವರು ಸೀಸನ್ನಿಗೆ ಬಾಡಿಗೆ ಕೇಳುತ್ತಾರೆ, ಕೆಲವರು ದೀರ್ಘ ಕಾಲದ ಲೀಸಿಗೆ, ಕೆಲವರು ಪೂರಾ ಖರೀದಿಗೆ. ಹೇಳುವ ಮೊತ್ತ ಶೇಂಗಾ, ಗೆಣಸು, ಈರುಳ್ಳಿ ಬೆಳೆದು ಕಾಣುವ ಹಣವಲ್ಲ. ಆ ಕಾಗದಕ್ಕೆ ಸಹಿ ಮಾಡುವ ಮೊದಲು ದೆಹಲಿಯ ಒಂದು ಹಳ್ಳಿಯ ಕಥೆಯನ್ನು ಓದಿ ಎಂದು ಕೇಳಿಕೊಳ್ಳುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ನಾನು ಉತ್ತರ ಕನ್ನಡದವನು. ಹೊಟ್ಟೆಪಾಡಿಗೆ ದೆಹಲಿಗೆ ಬಂದವನು ಇಲ್ಲೇ ಉಳಿದೆ. ಆರ್.ಕೆ. ಪುರದ ಕರ್ನಾಟಕ ಸಂಘದಲ್ಲಿ ಊರ ಕಡೆಯವರು ಸಿಕ್ಕಾಗ ಮಾತು ಮಳೆ, ಮೀನು, ಮದುವೆ ಎಲ್ಲ ಸುತ್ತಿ ಕೊನೆಗೆ ಜಾಗದ ರೇಟಿಗೆ ಬಂದು ನಿಲ್ಲುತ್ತದೆ. ಆ ಮಾತು ಕೇಳಿದಾಗಲೆಲ್ಲ ನನಗೆ ನೆನಪಾಗುವ ಹಳ್ಳಿ ಸಂಘದಿಂದ ಬಹಳ ದೂರವಿಲ್ಲ. ಅದರ ಹೆಸರು ಹೌಜ್ ಖಾಸ್. ದೆಹಲಿಗೆ ಸಮುದ್ರವಿಲ್ಲ. ಆದರೆ ಈ ಹಳ್ಳಿಗೆ ನೀರಿನ ದಡವಿದೆ, ಆ ದಡಕ್ಕಾಗಿಯೇ ಜನ ಬರುತ್ತಾರೆ. ನೀರಿನ ದಡದ ಹಳ್ಳಿಯೊಂದು ಪ್ರವಾಸಿಗರ ಕೈಗೆ ಹೇಗೆ ಹೋಗುತ್ತದೆ, ಹೋದ ಮೇಲೆ ಏನಾಗುತ್ತದೆ ಎಂಬುದನ್ನು ನೋಡಲು ಇದಕ್ಕಿಂತ ಸ್ಪಷ್ಟವಾದ ಊರು ನನಗೆ ಗೊತ್ತಿಲ್ಲ.

ಹೌಜ್ ಖಾಸ್ ಕೆರೆಯನ್ನು ತೋಡಿಸಿದವನು ಅಲ್ಲಾವುದ್ದೀನ್ ಖಿಲ್ಜಿ. 1296ರಿಂದ 1316ರವರೆಗೆ ಆಳಿದ ಅವನು ತಾನು ಕಟ್ಟಿಸಿದ ಸಿರಿ ಕೋಟೆಯ ಜನರಿಗೆ ನೀರು ಬೇಕೆಂದು ಇದನ್ನು ಮಾಡಿಸಿದ. ಹೂಳು ತುಂಬಿ ಹಾಳಾದದ್ದನ್ನು ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ ಫಿರೋಜ್ ಷಾ ತುಘಲಕ್ ತೆಗೆಸಿ, ದಡದ ಮೇಲೆ ಮದರಸಾ ಕಟ್ಟಿಸಿದ. ಅವನ ಗೋರಿಯೂ ಅಲ್ಲೇ ಇದೆ. 1398ರಲ್ಲಿ ದೆಹಲಿಯನ್ನು ಸೂರೆ ಮಾಡಿದ ತೈಮೂರನೂ ಈ ಕೆರೆಯ ದಡದಲ್ಲಿ ಬೀಡು ಬಿಟ್ಟಿದ್ದ. ರಾಜರೆಲ್ಲ ಹೋದ ಮೇಲೆ ಅಲ್ಲಿ ಉಳಿದವರು ರೈತರು. ಮದರಸಾದ ಗೋಡೆಗೆ ತಾಗಿಕೊಂಡೇ ಅವರ ಮನೆಗಳು, ಎಮ್ಮೆ ಕಟ್ಟುವ ಜಾಗ, ಆಚೆಗೆ ಹೊಲಗಳು.

ಸ್ವಾತಂತ್ರ್ಯದ ನಂತರ ದೆಹಲಿ ಬೆಳೆಯಿತು. ಹೊಲಗಳೆಲ್ಲ ಬಡಾವಣೆಗಳಾದವು. ಗ್ರೀನ್ ಪಾರ್ಕ್, ಹೌಜ್ ಖಾಸ್ ಎನ್‌ಕ್ಲೇವ್, ಸಫ್ದರ್‌ಜಂಗ್ ಎನ್‌ಕ್ಲೇವ್ ಎಂದು ಇವತ್ತು ಕೋಟಿಗಟ್ಟಲೆ ಬಾಳುವ ಜಾಗಗಳು ಸುತ್ತಲಿನ ಹಳ್ಳಿಗಳ ಸಾಗುವಳಿ ನೆಲದ ಮೇಲೆ ಎದ್ದವು. 1957ರಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಬಂದ ಮೇಲೆ ಇಂಥ ಭೂಸ್ವಾಧೀನ ಇನ್ನೂ ಜೋರಾಯಿತು. ಪಕ್ಕದ ಶಾಹಪುರ್ ಜಾಟ್ ಹಳ್ಳಿಯ ನೆಲದಲ್ಲಿ 1982ರ ಏಷ್ಯನ್ ಕ್ರೀಡಾಕೂಟಕ್ಕೆ ಏಷ್ಯಾಡ್ ವಿಲೇಜ್ ಎದ್ದಿತು. ಹೊಲ ಹೋದ ರೈತರಿಗೆ ಉಳಿದದ್ದು ಮನೆಗಳಿದ್ದ ಊರಿನ ನಡುಭಾಗ ಮಾತ್ರ. ಕಂದಾಯದ ನಕ್ಷೆಯಲ್ಲಿ ಆ ಭಾಗದ ಸುತ್ತ ಎಳೆದ ಗೆರೆಗೆ ಲಾಲ್ ಡೋರಾ ಎನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ, 1908ರಲ್ಲಿ ಬಂದ ವ್ಯವಸ್ಥೆ ಅದು. 1963ರಲ್ಲಿ ನಗರಪಾಲಿಕೆ ಆ ಗೆರೆಯೊಳಗಿನ ಮನೆಗಳಿಗೆ ಕಟ್ಟಡ ನಿಯಮಗಳಿಂದ ವಿನಾಯಿತಿ ಕೊಟ್ಟಿತು. ಬಡ ರೈತ ಕೊಟ್ಟಿಗೆ ಕಟ್ಟಲು, ಮಗನ ಮದುವೆಗೆ ಒಂದು ಕೋಣೆ ಸೇರಿಸಲು ನಕ್ಷೆ ಹಿಡಿದು ಕಚೇರಿ ಅಲೆಯುವುದು ಬೇಡ ಎಂಬ ಒಳ್ಳೆಯ ಉದ್ದೇಶ ಅದರ ಹಿಂದಿತ್ತು. ಮುಂದೆ ಐದು ಮಹಡಿಯ ಬಾರುಗಳು ಎದ್ದದ್ದು ಇದೇ ವಿನಾಯಿತಿಯ ನೆರಳಿನಲ್ಲಿ.

1980ರ ದಶಕದ ಕೊನೆಯಲ್ಲಿ ಬೀನಾ ರಮಾನಿ ಎಂಬ ವಸ್ತ್ರವಿನ್ಯಾಸಕಿ ಹೌಜ್ ಖಾಸ್‌ಗೆ ಬಂದು ಅಂಗಡಿ ತೆರೆದರು. ಪಕ್ಕದಲ್ಲಿ ಎಮ್ಮೆ, ಹಿಂದೆ ಸುಲ್ತಾನನ ಗೋರಿ, ನಡುವೆ ಬೆಲೆಬಾಳುವ ಬಟ್ಟೆ: ನಗರದ ಶ್ರೀಮಂತರಿಗೆ ಅದು ಹಿಡಿಸಿತು. ಬೇರೆ ವಿನ್ಯಾಸಕರೂ ಚಿತ್ರಕಲೆಯ ಗ್ಯಾಲರಿಗಳೂ ಹಿಂದೆ ಬಂದವು. ಹೊಲ ಕಳೆದುಕೊಂಡ ಮನೆಗಳಿಗೆ ಮೊದಲ ಬಾರಿ ತಿಂಗಳು ತಿಂಗಳು ಬಾಡಿಗೆ ಬರತೊಡಗಿತು. ಇದನ್ನು ನಾನು ತಪ್ಪು ಎನ್ನುವುದಿಲ್ಲ. ಉಳುವ ನೆಲವನ್ನು ಕಿತ್ತುಕೊಂಡ ಮೇಲೆ ಆ ಕುಟುಂಬಗಳು ಬದುಕುವುದಾದರೂ ಹೇಗೆ?

ಆಗ ಕೆರೆ ಒಣಗಿತ್ತು. ಸುತ್ತ ಬಡಾವಣೆಗಳು ಎದ್ದು, ಮಳೆನೀರು ಹರಿದು ಬರುವ ದಾರಿಗಳೆಲ್ಲ ಮುಚ್ಚಿ, ದಶಕಗಳ ಕಾಲ ಅದು ಬರೀ ತಗ್ಗಾಗಿ ಉಳಿದಿತ್ತು. 2004ರ ಸುಮಾರಿಗೆ, ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಯೋಜನೆಯಂತೆ, ವಸಂತ ಕುಂಜದ ಒಳಚರಂಡಿ ಶುದ್ಧೀಕರಣ ಘಟಕದಲ್ಲಿ ತಿಳಿಗೊಳಿಸಿದ ನೀರನ್ನು ಸಂಜಯ ವನದ ಕಾಡಿನ ಮೂಲಕ ಹರಿಸಿ ಕೆರೆಗೆ ತಂದರು. ಬಾತುಕೋಳಿಗಳು ಬಂದವು, ನೀರುಕಾಗೆಗಳು ಬಂದವು. ನೀರು ಬಂದ ಕೆಲವೇ ವರ್ಷಗಳಲ್ಲಿ ಅದನ್ನು ನೋಡುತ್ತ ಕೂರುವ ಕಾಫಿ ಅಂಗಡಿಗಳೂ ಬಂದವು. ಈ ಕ್ರಮವನ್ನು ದಯವಿಟ್ಟು ಗಮನಿಸಿ. ನೀರು ತಂದದ್ದು ಸಾರ್ವಜನಿಕರ ಹಣ, ಸಾರ್ವಜನಿಕರ ಶ್ರಮ. ಅದರ ನೋಟವನ್ನು ಬಾಡಿಗೆಗೆ ಮಾರಿದವು ದಡದ ಕಟ್ಟಡಗಳು. ಯಾವ ಮನೆಯೂ ಕೆರೆಯನ್ನು ಕಟ್ಟಿರಲಿಲ್ಲ, ಯಾವ ಮನೆಗೂ ಕೆರೆ ಸೇರಿರಲಿಲ್ಲ. ಆದರೂ ಪ್ರತಿ ಮನೆಯ ಬಾಡಿಗೆ ಆ ಕೆರೆಯಿಂದಲೇ ಏರಿತು.

ಆ ಕಾಲಕ್ಕೆ ಹೌಜ್ ಖಾಸ್‌ಗೆ ಹೆಸರು ತಂದವರು ಸಣ್ಣ ಸಣ್ಣ ಕೆಲಸ ಮಾಡುವವರು. ಯೋದಾ ಪ್ರೆಸ್ ಎಂಬ ಪ್ರಕಾಶನದವರು ಯೋದಾಕಿನ್ ಎಂಬ ಪುಸ್ತಕದ ಅಂಗಡಿ ನಡೆಸುತ್ತಿದ್ದರು. ಮೇಲಿನ ಮಹಡಿಯಲ್ಲಿ ಕೆರೆಗೆ ಮುಖ ಮಾಡಿ ಗನ್‌ಪೌಡರ್ ಎಂಬ ಹೋಟೆಲಿತ್ತು, ಅಲ್ಲಿ ನಮ್ಮ ದಕ್ಷಿಣದ ಅಡುಗೆ ಸಿಗುತ್ತಿತ್ತು. ಸಂಗೀತ, ಕವಿತೆ ಓದು, ಹಳೆಯ ಸಿನಿಮಾ ಪೋಸ್ಟರುಗಳ ಅಂಗಡಿ ಎಲ್ಲ ಇದ್ದವು. ಇವನ್ನು ನೋಡಲು ಜನ ಬಂದರು. ಜನ ಬಂದದ್ದನ್ನು ನೋಡಿ ದೊಡ್ಡ ಹಣ ಬಂತು. ದೊಡ್ಡ ಹಣ ಕೊಡುವ ಬಾಡಿಗೆಯನ್ನು ಪುಸ್ತಕ ಮಾರಿ ಯಾರೂ ಕೊಡಲಾರರು. ಪುಸ್ತಕದಂಗಡಿ ಹೋಯಿತು. ಗನ್‌ಪೌಡರ್ ಅಲ್ಲಿಂದ ಎದ್ದು ಗೋವಾದ ಅಸಗಾಂವಿನಲ್ಲಿ ನೆಲೆಸಿತು. ಅವರ ಜಾಗಕ್ಕೆ ಮಹಡಿಯ ಮೇಲೆ ಮಹಡಿ ಏರಿಸಿ ಬಾರುಗಳು ಬಂದವು, ರಾತ್ರಿಯ ಸಂಗೀತದ ಅಬ್ಬರ ಬಂತು.

2013ರ ಸೆಪ್ಟೆಂಬರಿನಲ್ಲಿ ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂತು. ಮಾಲಿನ್ಯ ನಿಯಂತ್ರಣ ಸಮಿತಿಯ ಒಪ್ಪಿಗೆಯಿಲ್ಲದೆ, ಕೊಳಚೆ ನೀರಿಗೆ ವ್ಯವಸ್ಥೆಯಿಲ್ಲದೆ ನಡೆಯುತ್ತಿದ್ದ 30ಕ್ಕೂ ಹೆಚ್ಚು ಹೋಟೆಲುಗಳಿಗೆ ಒಮ್ಮೆಲೇ ಬೀಗ ಬಿತ್ತು. ಕೆಲವೇ ದಿನಗಳಲ್ಲಿ ಷರತ್ತುಗಳ ಮೇಲೆ ಅವು ಮತ್ತೆ ತೆರೆದವು. 2017ರಲ್ಲಿ ಅಗ್ನಿ ಸುರಕ್ಷತೆ ಮತ್ತು ಅಕ್ರಮ ಕಟ್ಟಡಗಳ ಪ್ರಶ್ನೆ ದೆಹಲಿ ಹೈಕೋರ್ಟಿನಲ್ಲಿತ್ತು. ಅಗ್ನಿಶಾಮಕ ವಾಹನ ತಿರುಗಲಾರದ ಗಲ್ಲಿಗಳು, ಇಬ್ಬರು ಎದುರಾದರೆ ಒಬ್ಬರು ನಿಲ್ಲಬೇಕಾದ ಮೆಟ್ಟಿಲುಗಳು, ಮೇಲೆ ನೂರಾರು ಜನ. ಊರಿಗೆ ಒಳಬರುವ ವಾಹನದ ರಸ್ತೆಯೂ ಒಂದೇ. ಅದೇ ಊರಿನಲ್ಲಿ ಮುದುಕರಿದ್ದಾರೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಶನಿವಾರ ರಾತ್ರಿ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಆಂಬುಲೆನ್ಸ್ ಬಾಗಿಲಿಗೆ ಬರುವುದು ಹೇಗೆ ಎಂಬ ಭಯದಲ್ಲೇ ಅವರು ಇರಬೇಕು.

ಇನ್ನೊಂದು ನಿಯಮವನ್ನೂ ಹೇಳಬೇಕು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಪಡೆದೇ ಕಟ್ಟಬೇಕು ಎಂದು 2010ರಲ್ಲಿ ತಿದ್ದುಪಡಿಯಾದ ಕೇಂದ್ರದ ಕಾನೂನು ಹೇಳುತ್ತದೆ. ಹೌಜ್ ಖಾಸ್‌ನಲ್ಲಿ ಸ್ಮಾರಕವೂ ಮನೆಗಳೂ ಗೋಡೆಗೆ ಗೋಡೆ ತಾಗಿವೆ. ಸೋರುವ ಮಾಳಿಗೆ ರಿಪೇರಿ ಮಾಡಿಸಲು ಹಳೆಯ ನಿವಾಸಿಯೂ ಅನುಮತಿ ಪಡೆಯಬೇಕು. ಮಹಡಿಗಳು ಮಾತ್ರ ಏರುತ್ತಲೇ ಹೋದವು. ಕಾನೂನು ಕಾಗದದ ಮೇಲಿದ್ದು ಊರು ಅದನ್ನು ತನ್ನದೆಂದು ಹಿಡಿದುಕೊಳ್ಳದಿದ್ದರೆ, ಅದು ಬಲವಿಲ್ಲದವರನ್ನು ತಡೆದು ಬಲವುಳ್ಳವರಿಗೆ ದಾರಿ ಬಿಡುತ್ತದೆ.

ಕೆರೆಯ ನೀರು ಈ ನಡುವೆ ಪಾಚಿಗಟ್ಟಿ ನಾರತೊಡಗಿತ್ತು. ಅದನ್ನು ಶುಚಿ ಮಾಡಲು 2018ರಲ್ಲಿ ನೀರ ಮೇಲೆ ತೇಲುವ ಗಿಡಗಳ ತೆಪ್ಪಗಳನ್ನು ಬಿಟ್ಟವರು, ನೀರು ಸೋಸುವ ಜವುಗು ನೆಲ ನಿರ್ಮಿಸಿದವರು ಕೆಲವು ಯುವ ಎಂಜಿನಿಯರುಗಳು ಮತ್ತು ಸ್ವಯಂಸೇವಕರು. ಕೆರೆಯಿಂದ ದುಡಿದದ್ದು ದಡದ ವ್ಯಾಪಾರ, ಕೆರೆಗಾಗಿ ದುಡಿದದ್ದು ಬೇರೆಯವರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಬಾರುಗಳು ಮುಚ್ಚಿದವು, ಬಾಡಿಗೆ ನಿಂತಿತು. ಹೊಲ ಮೊದಲೇ ಹೋಗಿತ್ತು, ಎಮ್ಮೆ ಹೋಗಿತ್ತು. ಒಂದೇ ಆದಾಯವನ್ನು ನಂಬಿದ ಊರಿಗೆ ಎರಡನೆಯದು ಉಳಿದಿರಲಿಲ್ಲ.

ಇದು ದೆಹಲಿಯ ಜನದಟ್ಟಣೆಯ ಕಥೆ, ನಮಗೇಕೆ ಎಂದು ನೀವು ಕೇಳಬಹುದು. ಹಾಗಾದರೆ ಗೋಕರ್ಣದಂತೆಯೇ ಕಡಲಿಗೆ ಮುಖ ಮಾಡಿದ ಒಂದು ಹಳ್ಳಿಯನ್ನೂ ನೋಡಿ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಗ್ವಿನೆಡ್ ಜಿಲ್ಲೆಯಲ್ಲಿ ಅಬರ್‌ಸೋಕ್ ಎಂಬ ಊರಿದೆ. ಚೆಂದದ ಮರಳು ದಂಡೆ. ಇಂಗ್ಲೆಂಡಿನ ಶ್ರೀಮಂತರು ರಜೆಗೆಂದು ಅಲ್ಲಿ ಮನೆಗಳನ್ನು ಕೊಂಡರು. ಬೆಲೆ ಏರಿ, ಆ ಊರಿನಲ್ಲಿ ಹುಟ್ಟಿದ ಹುಡುಗ ಹುಡುಗಿಯರಿಗೆ ಅಲ್ಲಿ ಮನೆ ಮಾಡುವುದು ಕೈಗೆಟುಕದಾಯಿತು. ಬೇಸಿಗೆಯಲ್ಲಿ ಜಾತ್ರೆ, ಚಳಿಗಾಲದಲ್ಲಿ ಬೀಗ ಹಾಕಿದ ಮನೆಗಳ ಸಾಲು. 2021ರ ಕೊನೆಗೆ ಊರಿನ ಪ್ರಾಥಮಿಕ ಶಾಲೆ ಮುಚ್ಚಿತು, ಉಳಿದಿದ್ದವರು ಬೆರಳೆಣಿಕೆಯ ಮಕ್ಕಳು. ವೆಲ್ಷ್ ಭಾಷೆಯಲ್ಲಿ ಪಾಠ ನಡೆಯುತ್ತಿದ್ದ ಶಾಲೆ ಅದು. 2023ರ ಏಪ್ರಿಲಿನಿಂದ ಗ್ವಿನೆಡ್ ಆಡಳಿತ ರಜೆಯ ಮನೆಗಳ ಮೇಲೆ ಮಾಮೂಲಿ ತೆರಿಗೆಯ ಜೊತೆ ಶೇ. 150ರಷ್ಟು ಹೆಚ್ಚುವರಿ ಹಾಕಿತು. ಶಾಲೆ ಮುಚ್ಚಿದ ಮೇಲೆ ಬಂದ ತೆರಿಗೆ ಅದು. ಹೌಜ್ ಖಾಸ್‌ನಲ್ಲಿ ಊರಿನವರು ಮನೆಯ ಒಡೆತನ ಉಳಿಸಿಕೊಂಡೂ ಊರನ್ನು ಕಳೆದುಕೊಂಡರು. ಅಬರ್‌ಸೋಕ್‌ನಲ್ಲಿ ಒಡೆತನವೇ ಕೈಬಿಟ್ಟು ಹೋಯಿತು. ದಾರಿ ಎರಡು, ಮುಟ್ಟಿದ ಜಾಗ ಒಂದೇ.

ಈಗ ನಮ್ಮ ಊರಿನ ಮಾತು. ನಿಮ್ಮ ಬಳಿ ಇನ್ನೂ ಏನೇನಿದೆ ಎಂಬುದನ್ನು ದೂರದಲ್ಲಿರುವ ನಾನು ಲೆಕ್ಕ ಹಾಕಿ ಹೇಳುತ್ತೇನೆ, ಸಿಟ್ಟಾಗಬೇಡಿ. ಮಹಾಬಲೇಶ್ವರನ ದೇವಸ್ಥಾನವಿದೆ, ಕೋಟಿತೀರ್ಥವಿದೆ, ಯಾತ್ರಿಕರನ್ನು ಶತಮಾನಗಳಿಂದ ಮನೆಯಲ್ಲಿ ಇಳಿಸಿಕೊಂಡು ಊಟ ಹಾಕಿದ ರೂಢಿಯಿದೆ. ಹಾಲಕ್ಕಿ ಹೆಂಗಸರು ಮರಳು ಮಣ್ಣಿನಲ್ಲಿ ನೀರು ಹೊತ್ತು ಬೆಳೆಯುವ ತರಕಾರಿಯಿದೆ. ಸಾಣಿಕಟ್ಟೆಯಲ್ಲಿ ಉಪ್ಪಿನಾಗರವಿದೆ. ಅಣೆಕಟ್ಟು ಕಾಣದ ಅಘನಾಶಿನಿ ಪಕ್ಕದಲ್ಲೇ ಕಡಲು ಸೇರುತ್ತದೆ. ಅದರ ಗಜನಿಯಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ, ಕೆಸರಿನಲ್ಲಿ ಬಳಚು, ಕಾಂಡ್ಲಾ ಗಿಡಗಳ ಬುಡದಲ್ಲಿ ಮೀನಿನ ಮರಿಗಳು. 2024ರ ಜನವರಿಯಲ್ಲಿ ಆ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳಲ್ಲಿ ಒಂದೆನಿಸಿತು. ಹೌಜ್ ಖಾಸ್‌ನ ರೈತನಿಗೆ ಬಾಡಿಗೆ ಬಿಟ್ಟು ಬೇರೆ ಗತಿಯಿರಲಿಲ್ಲ. ನಿಮಗೆ ನೆಲವೂ ಇದೆ, ನೀರೂ ಇದೆ, ಕಸುಬೂ ಇದೆ. ಆದ್ದರಿಂದ ಕಾಗದ ಹಿಡಿದು ಬಂದವನ ಎದುರು ನಿಮ್ಮ ಷರತ್ತು ಹೇಳುವ ಶಕ್ತಿ ನಿಮಗಿದೆ.

ಕಾನೂನೂ ನಿಮ್ಮ ಕಡೆ ಸ್ವಲ್ಪ ಇದೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮೊದಲು 1991ರಲ್ಲಿ ಬಂತು. ಹಳ್ಳಿಗಾಡಿನ ದಂಡೆಯಲ್ಲಿ ಭರತದ ಗೆರೆಯಿಂದ 200 ಮೀಟರಿನೊಳಗೆ ಹೊಸ ಕಟ್ಟಡ ಬೇಡ ಎಂಬುದು ಅದರ ಮುಖ್ಯ ಮಾತು. 2019ರ ಅಧಿಸೂಚನೆ ಜನದಟ್ಟಣೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚಿರುವ ಹಳ್ಳಿಗಳಿಗೆ ಆ ಅಂತರವನ್ನು 50 ಮೀಟರಿಗೆ ಇಳಿಸಿತು, ತಾತ್ಕಾಲಿಕ ಪ್ರವಾಸಿ ಸೌಕರ್ಯಗಳಿಗೂ ಅವಕಾಶ ಮಾಡಿತು. ಗೆರೆ ದಂಡೆಯ ಹತ್ತಿರಕ್ಕೆ ಸರಿಯುತ್ತಿದೆ ಎಂಬುದು ಇದರಿಂದಲೇ ತಿಳಿಯುತ್ತದೆ. ಇನ್ನು ಕಾಯುವವರು ಊರಿನವರೇ ಆಗಬೇಕು. ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಹಳ್ಳಿಯಲ್ಲಿ ಕಟ್ಟಡಕ್ಕೆ ಪರವಾನಗಿ ಕೊಡುವುದು ಪಂಚಾಯಿತಿ, ಪ್ರಶ್ನೆ ಕೇಳುವ ಹಕ್ಕು ಗ್ರಾಮಸಭೆಗಿದೆ. ದೆಹಲಿಯ ಆ ಹಳ್ಳಿಗೆ ಈ ಎರಡೂ ಇರಲಿಲ್ಲ. ನಗರದೊಳಗೆ ಸೇರಿದ ಮೇಲೆ ಅದರ ನಿರ್ಧಾರಗಳೆಲ್ಲ ಕಚೇರಿಗಳಿಗೆ, ಕೊನೆಗೆ ನ್ಯಾಯಾಲಯಗಳಿಗೆ ಹೋದವು.

ನಾನು ನಿಮ್ಮಲ್ಲಿ ಮೂರು ಮಾತು ಕೇಳಿಕೊಳ್ಳುತ್ತೇನೆ.

ಮೊದಲನೆಯದು, ಜಾಗ ಮಾರಬೇಡಿ. ಬಾಡಿಗೆಗೆ ಕೊಡುವುದಾದರೆ ಅವಧಿ ಚಿಕ್ಕದಿರಲಿ. ಎಷ್ಟು ಮಹಡಿ, ಬೋರ್‌ವೆಲ್ ಕೊರೆಯಬಹುದೇ, ರಾತ್ರಿ ಎಷ್ಟು ಹೊತ್ತಿನವರೆಗೆ ಸಂಗೀತ, ಎಲ್ಲವನ್ನೂ ಕರಾರಿನಲ್ಲಿ ಬರೆಸಿ. ನಿಮ್ಮ ಹಿತ್ತಲಿನ ಮೂಲಕ ದಂಡೆಗೆ ಇಳಿಯುವ ಕಾಲುದಾರಿಗೆ ಬೇಲಿ ಬೀಳದಂತೆ ನೋಡಿಕೊಳ್ಳಿ. ಸಾಧ್ಯವಾದರೆ ನೀವೇ ಹೋಮ್‌ಸ್ಟೇ ನಡೆಸಿ. ಇದ್ದ ಮನೆಯಲ್ಲೇ ನಾಲ್ಕು ಜನರನ್ನು ಇಳಿಸಿಕೊಂಡು ಅನ್ನ, ಸಾರು, ಹುರಿದ ಮೀನು ಬಡಿಸಿ ದುಡಿದ ಹಣ ನಿಮ್ಮ ಮನೆಯಲ್ಲೇ ಉಳಿಯುತ್ತದೆ.

ಎರಡನೆಯದು, ನೀರಿನ ಲೆಕ್ಕ ಮೊದಲು, ಪರವಾನಗಿ ಆಮೇಲೆ. ಮರಳು ನೆಲದಲ್ಲಿ ಶೌಚದ ಗುಂಡಿಯ ನೀರು ಬಾವಿ ಸೇರಲು ಹೆಚ್ಚು ಕಾಲ ಬೇಡ. ಮೇಲಿನವನು ಬೋರ್ ಕೊರೆದು ಎಳೆದರೆ ಕೆಳಗಿನ ಬಾವಿಗೆ ಉಪ್ಪು ಬರುತ್ತದೆ. ಎಷ್ಟು ಕೋಣೆ, ದಿನಕ್ಕೆ ಎಷ್ಟು ನೀರು, ಕೊಳಚೆ ಎಲ್ಲಿಗೆ ಹೋಗುತ್ತದೆ, ಕಸ ಯಾರು ಎತ್ತುತ್ತಾರೆ ಎಂಬ ನಾಲ್ಕು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಬರುವವರೆಗೆ ಪಂಚಾಯಿತಿ ಸಹಿ ಹಾಕದಿರಲಿ.

ಮೂರನೆಯದು, ಕಸುಬಿನ ಜಾಗಗಳನ್ನು ಈಗಲೇ ಗುರುತಿಸಿ. ದೋಣಿ ಎಳೆಯುವ ದಂಡೆ, ಬಲೆ ಒಣಗಿಸುವ, ಮೀನು ಒಣಗಿಸುವ ಜಾಗ, ತರಕಾರಿ ಗದ್ದೆ, ಗಜನಿಗೆ ನೀರು ಹೋಗುವ ಕೋಡಿ, ಇವೆಲ್ಲ ಗ್ರಾಮಸಭೆಯ ನಡಾವಳಿಯಲ್ಲಿ, ನಕ್ಷೆಯ ಮೇಲೆ ದಾಖಲಾಗಲಿ. ದಾಖಲೆಯಿಲ್ಲದ ಜಾಗವನ್ನು ಖಾಲಿ ಜಾಗ ಎಂದು ಬರೆದುಕೊಳ್ಳುವುದು ಸುಲಭ. ಊರಿನ ಹೋಟೆಲುಗಳು ಊರಿನ ತರಕಾರಿ, ಊರಿನ ಮೀನನ್ನೇ ಕೊಳ್ಳಬೇಕೆಂದು ಒತ್ತಾಯಿಸಿ.

ದೆಹಲಿಯಲ್ಲಿ ಸಂಬಳ ಎಣಿಸುತ್ತ ಕೂತವನು ನಮಗೆ ಬಡವರಾಗಿಯೇ ಇರಿ ಎನ್ನುತ್ತಾನೆ ಎಂದು ಯಾರಾದರೂ ಹೇಳಿದರೆ ಆ ಕೋಪ ನನಗೆ ಅರ್ಥವಾಗುತ್ತದೆ. ಮಗಳ ಓದು, ತಂದೆಯ ಆಸ್ಪತ್ರೆ ಖರ್ಚು ಎದುರಿಗಿರುವಾಗ ಕಂತೆ ನೋಟು ಬೇಡ ಎನ್ನುವುದು ಕಷ್ಟ. ಪ್ರವಾಸಿಗರನ್ನು ತಡೆಯಿರಿ ಎಂದು ನಾನು ಹೇಳುವುದಿಲ್ಲ. ಅವರು ಬರಲಿ, ನಿಮ್ಮ ಮಕ್ಕಳು ಅವರಿಂದ ದುಡಿಯಲಿ. ಆದರೆ ಅವರು ಬರುವುದು ಸಿಮೆಂಟಿನ ಕೋಣೆಯನ್ನು ನೋಡುವುದಕ್ಕಲ್ಲ, ಅದು ಅವರ ಊರಿನಲ್ಲೇ ಇದೆ. ಅವರನ್ನು ಕರೆತರುವ ಕಡಲು, ದಂಡೆ, ಬಾವಿಯ ಸಿಹಿನೀರು ಯಾವ ಒಂದು ಮನೆಯ ಆಸ್ತಿಯೂ ಅಲ್ಲ. ಒಬ್ಬೊಬ್ಬರೇ ತಮ್ಮ ಪಾಲಿನ ಲಾಭ ನೋಡಿದರೆ ಎಲ್ಲರ ಲಾಭದ ಬೇರೇ ಕಿತ್ತು ಹೋಗುತ್ತದೆ. ಹೌಜ್ ಖಾಸ್ ನನಗೆ ಕಲಿಸಿದ ಪಾಠ ಇಷ್ಟೇ.

ನಿಮಗೆ ಇದು ಆಗದ ಕೆಲಸವೇನಲ್ಲ. ತದಡಿಯಲ್ಲಿ ಉಷ್ಣವಿದ್ಯುತ್ ಸ್ಥಾವರದ ಯೋಜನೆ ಬಂದಾಗ ಅಘನಾಶಿನಿಯ ಎರಡೂ ದಡದ ಊರುಗಳು ಜಾತಿ, ಪಕ್ಷ ನೋಡದೆ ಒಟ್ಟಿಗೆ ನಿಂತವು, ಯೋಜನೆ ನಿಂತಿತು. ಆಗ ಎದುರಿಗಿದ್ದದ್ದು ಹೊಗೆ ಉಗುಳುವ ಚಿಮಣಿ, ಅಪಾಯ ಕಣ್ಣಿಗೆ ಕಾಣುತ್ತಿತ್ತು. ಈಗಿನದು ಒಂದೊಂದೇ ಹಿತ್ತಲಾಗಿ, ಒಂದೊಂದೇ ಸಹಿಯಾಗಿ, ನಗುಮುಖದಿಂದ ಬರುತ್ತಿದೆ. ಇದಕ್ಕೂ ಅದೇ ಒಗ್ಗಟ್ಟು ಬೇಕು.

ಮುಂದಿನ ಗ್ರಾಮಸಭೆಗೆ ಮನೆಗೊಬ್ಬರಾದರೂ ಹೋಗಿ. ಹೆಂಗಸರು ಖಂಡಿತ ಹೋಗಿ, ಬಾವಿ ಉಪ್ಪಾದರೆ ಕೊಡ ಹೊತ್ತು ದೂರ ನಡೆಯಬೇಕಾದವರು ನೀವೇ. ಈ ಮೂರು ವಿಷಯಗಳನ್ನು ಎತ್ತಿ, ಠರಾವು ಬರೆಸಿ, ಅದರ ಪ್ರತಿಯನ್ನು ಕೈಗೆ ಪಡೆದೇ ಮನೆಗೆ ಬನ್ನಿ.

ಇಂತು ನಿಮ್ಮವ,
ದೆಹಲಿಯಲ್ಲಿರುವ ಒಬ್ಬ ಉತ್ತರ ಕನ್ನಡಿಗ